ಬಿಚ್ಚಿದ್ದು ಒಂದು ಸಂಜೆ, ಬಿಡಿಸಿದ್ದು ಮೂರು ದಿನ

ಅಮ್ಮ ಹೆಣೆದುಕೊಟ್ಟ ಹಸಿರು ಸ್ವೆಟರ್ ಮೊಣಕೈ ಹತ್ತಿರ ತೂತಾಗಿತ್ತು. ಎಸೆಯಲು ಮನಸ್ಸು ಬರಲಿಲ್ಲ. ಅದೇ ಉಲ್ಲನ್‌ನಲ್ಲಿ ಮಗಳಿಗೊಂದು ಟೋಪಿ ಹೆಣೆಯೋಣ ಅನ್ನಿಸಿತು. ಫೋನಿನಲ್ಲಿ "ಸ್ವೆಟರ್ ಬಿಡಿಸ್ತಿದ್ದೀನಮ್ಮ" ಅಂದೆ. "ಬಿಡಿಸೋದು ಆಮೇಲೆ, ಮೊದಲು ಬಿಚ್ಚು" ಅಂದಳು.

ಮೊದಲು ಹೊಲಿಗೆ ಬಿಚ್ಚಿದೆ. ತೋಳು, ಎದೆ, ಬೆನ್ನು ಸೇರಿಸಿದ ದಾರವನ್ನು ಮಾತ್ರ ಕತ್ತರಿಸಬೇಕು. ಪಕ್ಕದ ಕುಣಿಕೆಗೆ ಕತ್ತರಿ ತಾಗಿದರೆ ಎಳೆ ತುಂಡಾಗುತ್ತದೆ. ಅಂಗಡಿಯ ಸ್ವೆಟರ್ ಆದರೆ ಒಳಗೆ ಓವರ್‌ಲಾಕ್, ಅಂದರೆ ಅಂಚು ಕತ್ತರಿಸಿ ಸುತ್ತ ಹಾಕಿದ ಮೆಷಿನ್ ಹೊಲಿಗೆ, ಇದೆಯಾ ನೋಡಿ. ಇದ್ದರೆ ಕೈ ಹಾಕಬೇಡಿ, ಸಾಲು ಸಾಲಿಗೂ ಎಳೆ ಕತ್ತರಿಸಿರುತ್ತದೆ.

ನಾನು ಕೆಳಗಿನ ಅಂಚಿನಿಂದ ಎಳೆಯಲು ಹೋದೆ. ಹೆಜ್ಜೆಹೆಜ್ಜೆಗೂ ಸಿಕ್ಕಿಕೊಂಡಿತು. ಹೆಣಿಗೆ ಶುರುವಾದ ಕಡೆಯಿಂದಲ್ಲ, ಮುಗಿದ ತುದಿಯಿಂದ ಬಿಚ್ಚಬೇಕು. ಭುಜದ ಹತ್ತಿರ ಆ ತುದಿ ಸಿಕ್ಕಿದ ಮೇಲೆ ಸಾಲುಗಳು ಸರಸರ ಬಂದವು. ಕಂಕುಳಲ್ಲಿ ಮಾತ್ರ ಬೆವರಿಗೆ, ಉಜ್ಜಾಟಕ್ಕೆ ಉಣ್ಣೆ ಒಂದಕ್ಕೊಂದು ಅಂಟಿಕೊಂಡಿತ್ತು. ಅಲ್ಲಿ ಜಗ್ಗಬಾರದು. ಅರಳೆ ಹಿಂಜುವ ಹಾಗೆ ಬೆರಳ ತುದಿಯಲ್ಲಿ ಮೆಲ್ಲಗೆ ಹಿಂಜಬೇಕು.

ಸಂಜೆಗೆ ಚಾಪೆ ತುಂಬ ಗುಂಗುರು ದಾರ! ಸುತ್ತಿಕೊಳ್ಳದೆ ಸುಮ್ನೆ ಎಳೆದು ಹಾಕಿದ್ದೆ. ಆ ಸಿಕ್ಕು ಬಿಡಿಸಲು ಮೂರು ದಿನ ಹಿಡಿಯಿತು. ಆಗ ಅಮ್ಮನ ಮಾತು ಕೈಗೆ ತಿಳಿಯಿತು. ಗಂಟು, ಜಡೆ, ಹೊಲಿಗೆ ಬಿಚ್ಚುತ್ತೇವೆ. ಯಾರೋ ಕಟ್ಟಿದ್ದು ಸಡಿಲವಾಗುತ್ತದೆ. ಹೂ, ಬಟಾಣಿ, ಸಿಕ್ಕು ಬಿಡಿಸುತ್ತೇವೆ. ಅಲ್ಲಿ ಒಂದರಿಂದ ಒಂದನ್ನು ನೋಯಿಸದೆ ಬೇರೆ ಮಾಡುವ ತಾಳ್ಮೆ ಬೇಕು. ಲೆಕ್ಕ, ಒಗಟು ಬಿಡಿಸುವುದೂ ಹಾಗೇ ಅಲ್ವಾ?

ನೇಯ್ದ ಬಟ್ಟೆಯ ಕತೆ ಬೇರೆ. ಹಾಸು, ಹೊಕ್ಕು ಅಂತ ಎರಡು ದಿಕ್ಕಿನ ಎಳೆ ಇರುವುದರಿಂದ ಸರಸರ ಬಿಚ್ಚಲು ಬರುವುದಿಲ್ಲ. ಸೆರಗಿಗೆ ಕುಚ್ಚು ಕಟ್ಟುವ ಮೊದಲು ಅಂಚಿನ ಅಡ್ಡ ಎಳೆಗಳನ್ನು ಒಂದೊಂದಾಗಿ ತೆಗೆಯುವುದನ್ನು ನೋಡಿದವರಿಗೆ ಇದು ಗೊತ್ತು.

ಎರಡನೇ ತೋಳು ಬಿಚ್ಚುವ ಹೊತ್ತಿಗೆ ನನಗೆ ಬುದ್ಧಿ ಬಂದಿತ್ತು. ಎಳೆಯುತ್ತಾ ಎಳೆಯುತ್ತಾ ಕುರ್ಚಿಯ ಬೆನ್ನಿಗೆ ಸುತ್ತಿದೆ. ಆ ಲಡಿಯನ್ನು ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ನೇತುಹಾಕಿದೆ. ಬಿಸಿನೀರು ಬೇಡ, ಉಣ್ಣೆ ಗಟ್ಟಿಯಾಗುತ್ತದೆ. ಒಣಗುವಷ್ಟರಲ್ಲಿ ಗುಂಗುರು ಹೋಗಿ ದಾರ ನೆಟ್ಟಗಾಗಿತ್ತು.

ನಡುವೆ ಒಂದು ಕಡೆ ಅಮ್ಮ ಹೊಸ ಉಂಡೆ ಜೋಡಿಸಿದ ಗಂಟು ಸಿಕ್ಕಿತು. ಅದನ್ನು ಬಿಚ್ಚಲಿಲ್ಲ. ಈಗ ಟೋಪಿಯ ಒಳಮಗ್ಗುಲಲ್ಲಿ ಹಾಗೇ ಇದೆ.