ಕಾನ್ವೆಂಟ್ ಹೆಣ್ಣುಮಕ್ಕಳ ಶಾಲೆಯ ಚರಿತ್ರೆ ಬರೆಯುವುದು ಹೇಗೆ: ದಾವಣಗೆರೆ ಕಡೆಯವರಿಗೆ

ಬೆಳ್ಳಿಹಬ್ಬದ ಸ್ಮರಣ ಸಂಚಿಕೆಯನ್ನು ಮೊದಲು ತೆರೆಯಬೇಡಿ. ಅದರಲ್ಲಿನ ಇಸವಿ ತಲೆಯಲ್ಲಿ ಕೂತರೆ ಮುಂದೆ ಸಿಕ್ಕ ಕಾಗದವನ್ನೆಲ್ಲ ಅದಕ್ಕೇ ಹೊಂದಿಸಲು ನೋಡುತ್ತೀರಿ. ಸಿಸ್ಟರ್‌ಗಳು ಊರಿಗೆ ಬಂದದ್ದು, ಮೊದಲ ತರಗತಿ ನಡೆದದ್ದು, ಮಾನ್ಯತೆ ಸಿಕ್ಕಿದ್ದು, ಅನುದಾನ ಬಂದದ್ದು, ಸ್ವಂತ ಕಟ್ಟಡಕ್ಕೆ ಹೋದದ್ದು ಇವೆಲ್ಲ ಬೇರೆ ಬೇರೆ ತಾರೀಕು. ಒಂದು ಹಾಳೆಯಲ್ಲಿ ಐದು ಸಾಲು ಹಾಕಿ, ಯಾವ ಕಾಗದದಲ್ಲಿ ಸಿಕ್ಕಿತೆಂದು ಪಕ್ಕದಲ್ಲೇ ಬರೆಯಿರಿ. ಕಾಗದವಿಲ್ಲದ ಸಾಲು ಖಾಲಿಯೇ ಇರಲಿ.

ನಿಜವಾದ ಚರಿತ್ರೆ ಇರುವುದು ಅಡ್ಮಿಷನ್ ರಿಜಿಸ್ಟರಿನಲ್ಲಿ. ಹತ್ತಾರು ವರ್ಷದ ಹೆಸರುಗಳು ಒಂದೇ ಕೈಬರಹ, ಒಂದೇ ಶಾಯಿಯಲ್ಲಿದ್ದರೆ ಅದು ಆಮೇಲೆ ನಕಲು ಮಾಡಿದ ಪುಸ್ತಕ; ಮೂಲ ಪುಸ್ತಕ ಕಪಾಟಿನ ತಳದಲ್ಲಿದೆಯೇ ಕೇಳಿ. ಪುಟದ ತುಂಬ ಮಕ್ಕಳು ಜೂನ್ 1ರಂದೇ ಹುಟ್ಟಿದ್ದರೆ ಬೆರಗಾಗಬೇಡಿ, ಸೇರಿಸುವಾಗ ವಯಸ್ಸು ಹೊಂದಿಸಿ ಬರೆದದ್ದು ಅದು. ಹಾಗಾಗಿ ವಯಸ್ಸಿನ ಲೆಕ್ಕ ನಂಬಬೇಡಿ. ತಂದೆಯ ಉದ್ಯೋಗದ ಕಾಲಂ ಮಾತ್ರ ಚಿನ್ನ. ಐದೈದು ವರ್ಷಕ್ಕೊಮ್ಮೆ ಹತ್ತಿ ಗಿರಣಿ, ದಲಾಲಿ ಅಂಗಡಿ, ರೈಲ್ವೆ, ಬೇಸಾಯ ಎಂದು ಎಣಿಸಿ. ಮಗಳನ್ನು ಕಾನ್ವೆಂಟಿಗೆ ಕಳಿಸಿದವರು ಯಾರು, ಯಾವಾಗ ಬದಲಾದರು ಎಂಬುದು ಅಲ್ಲೇ ಕಾಣುತ್ತದೆ. ಫೀಸು ಪುಸ್ತಕದಲ್ಲಿ 1957ರ ಏಪ್ರಿಲ್ 1ಕ್ಕೆ ಹಿಂದಿನ 1-4-0 ಎಂದರೆ ಒಂದು ರೂಪಾಯಿ ನಾಲ್ಕಾಣೆ, ಅಂದರೆ ಒಂದೂಕಾಲು ರೂಪಾಯಿ. ಅದನ್ನು 1.40 ಎಂದು ಬರೆದುಬಿಡುವವರಿದ್ದಾರೆ.

ಸಿಸ್ಟರ್‌ಗಳ ಹೆಸರಿನಲ್ಲಿ ಎಡವುವವರು ಇನ್ನೂ ಹೆಚ್ಚು. ವ್ರತ ಸ್ವೀಕಾರದ ಹೊತ್ತಿಗೆ ಹೊಸ ಹೆಸರು ಪಡೆದ ಹಲವರು, 1962–65ರಲ್ಲಿ ನಡೆದ ಕಥೋಲಿಕ ಬಿಷಪ್ಪರ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ದೀಕ್ಷಾಸ್ನಾನದ (ಮೊದಲು ಮನೆಯವರು ಇಟ್ಟ) ಹೆಸರಿಗೆ ಮರಳಿದರು. ಇಬ್ಬರು ಹೆಡ್‌ಮಿಸ್ಟ್ರೆಸ್ ಎಂದುಕೊಂಡದ್ದು ಒಬ್ಬರೇ ಆಗಿರಬಹುದು. ಸಹಿ ಹೋಲಿಸಿ ನೋಡಿ, ಅವರ ಸಭೆಯ, ಅಂದರೆ ಆ ಸಿಸ್ಟರ್‌ಗಳ ಧಾರ್ಮಿಕ ಸಂಘದ, ಪ್ರಾಂತೀಯ ಮಠಕ್ಕೆ ಪತ್ರ ಬರೆದು ವರ್ಗಾವಣೆಯ ವಿವರ ಕೇಳಿ.

ಸರ್ಕಾರಿ ಕಡತ ಹುಡುಕುವಾಗ ಜಿಲ್ಲೆಯ ಗಡಿ ನೆನಪಿರಲಿ. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಅದಕ್ಕೂ ಹಿಂದಿನ ಕಾಗದಕ್ಕೆ ಚಿತ್ರದುರ್ಗದ ಡಿಡಿಪಿಐ (ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರ) ಕಚೇರಿಯಲ್ಲೂ ವಿಚಾರಿಸಿ. ಚನ್ನಗಿರಿ, ಹೊನ್ನಾಳಿಯ ಶಾಲೆಯಾದರೆ ಶಿವಮೊಗ್ಗದಲ್ಲಿ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಪ್ರತಿಯ ಪುಟಕ್ಕೆ 2 ರೂಪಾಯಿ. ಅರ್ಜಿ ಶಾಲೆಗಲ್ಲ, ಇಲಾಖೆಗೆ ಹಾಕಿ. ‘ಶಾಲೆಯ ಎಲ್ಲ ದಾಖಲೆ ಕೊಡಿ’ ಎಂದರೆ ‘ಲಭ್ಯವಿಲ್ಲ’ ಎಂಬ ಉತ್ತರ ಬರುವುದೇ ಹೆಚ್ಚು. ಮಾನ್ಯತೆ ಆದೇಶದ ಪ್ರತಿ ಎಂದು ಹೆಸರಿಟ್ಟು ಕೇಳಿ. ಚರ್ಚಿನ ಕಡೆಯದೂ ಅದೇ ಕಥೆ: ದಾವಣಗೆರೆಯೂ ಸೇರುವ ಶಿವಮೊಗ್ಗ ಧರ್ಮಪ್ರಾಂತ್ಯ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ) ಹುಟ್ಟಿದ್ದೇ 1988ರಲ್ಲಿ, ಅದಕ್ಕಿಂತ ಹಳೆಯ ಪತ್ರಗಳು ಅಲ್ಲಿಲ್ಲದಿದ್ದರೆ ಕಳೆದುಹೋದವು ಎಂದುಕೊಳ್ಳಬೇಡಿ.

ಗ್ರೂಪ್ ಫೋಟೊಗಳನ್ನು 600 ಡಿಪಿಐಗೆ ಸ್ಕ್ಯಾನ್ ಮಾಡಿ. ಹರಿದದ್ದಕ್ಕೆ ಸೆಲ್ಲೊ ಟೇಪ್ ಬೇಡ, ಲ್ಯಾಮಿನೇಷನ್ನಂತೂ ಬೇಡವೇ ಬೇಡ. ಹಳೆಯ ವಿದ್ಯಾರ್ಥಿನಿಯರಿಗೆ ಮದುವೆಯ ನಂತರ ಇನಿಷಿಯಲ್ ಬದಲಾಗಿರುತ್ತದೆ, ಆದ್ದರಿಂದ ತಂದೆಯ ಹೆಸರು, ಏಳನೇ ಕ್ಲಾಸ್ ಮುಗಿಸಿದ ವರ್ಷ ಎರಡನ್ನೂ ಕೇಳಿ, ಫೋಟೊದ ಜೆರಾಕ್ಸ್ ಮೇಲೆ ಎಡದಿಂದ ಬಲಕ್ಕೆ ಪೆನ್ಸಿಲಿನಲ್ಲಿ ಹೆಸರು ಬರೆಸಿಕೊಳ್ಳಿ.