ಕಥೋಲಿಕ–ಸಿ.ಎಸ್.ಐ. ಮದುವೆ: ಛತ್ರ ಗೊತ್ತುಮಾಡುವ ಮೊದಲು ಇತ್ಯರ್ಥವಾಗಬೇಕಾದ ಸಂಗತಿಗಳು

ಮೈಸೂರಿನಲ್ಲಿ ಕಥೋಲಿಕರ ಫಿಲೋಮಿನಾ ಚರ್ಚಿಗೆ ಹೋಗುವ ಮನೆಯವರೂ ಪ್ರಾಟೆಸ್ಟೆಂಟ್ ಸಭೆಯಾದ ಸಿ.ಎಸ್.ಐ.ಯ (ಚರ್ಚ್ ಆಫ್ ಸೌತ್ ಇಂಡಿಯಾ) ವೆಸ್ಲಿ ಕೆಥೆಡ್ರಲ್‌ಗೆ ಹೋಗುವ ಮನೆಯವರೂ ಒಂದೇ ಬೀದಿಯಲ್ಲಿದ್ದು, ಅವರ ಮಕ್ಕಳು ಒಂದೇ ಕಾಲೇಜಿನಲ್ಲಿ ಓದುವುದು ಸಾಮಾನ್ಯವಾಗಿರುವಾಗ, ಅವರಲ್ಲಿ ಕೆಲವರು ಮದುವೆಯಾಗಲು ಬಯಸುವುದರಲ್ಲಿ ಆಶ್ಚರ್ಯವೇನಿಲ್ಲ. ‘ಇಬ್ಬರೂ ಕ್ರೈಸ್ತರೇ ತಾನೇ’ ಎಂದು ನೆರೆಹೊರೆಯವರು ಹೇಳುವ ಮಾತು ಸುಳ್ಳಲ್ಲ. ಆದರೆ ಅದೊಂದನ್ನೇ ನೆಚ್ಚಿಕೊಂಡು ಛತ್ರಕ್ಕೆ ಮುಂಗಡ ಕೊಟ್ಟು, ಲಗ್ನಪತ್ರಿಕೆಯನ್ನು ಅಚ್ಚಿಗೆ ಕಳಿಸಿದವರು ಆಮೇಲೆ ಚರ್ಚಿನ ಕಚೇರಿಯಲ್ಲಿ ಪೇಚಾಡುವುದುಂಟು.

ಮೊದಲು ಮಾಡಬೇಕಾದ ಕೆಲಸವೆಂದರೆ ಕಥೋಲಿಕ ವಧು ಅಥವಾ ವರನು ತನ್ನ ಧರ್ಮಕೇಂದ್ರದ (ತಾನು ಸೇರಿದ ಚರ್ಚಿನ) ಗುರುಗಳನ್ನು, ಸಾಧ್ಯವಾದರೆ ಆರು ತಿಂಗಳು ಮೊದಲೇ, ಕಾಣುವುದು. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ ಪ್ರಕಾರ, ಜ್ಞಾನಸ್ನಾನ (ಬ್ಯಾಪ್ಟಿಸಂ) ಪಡೆದ ಬೇರೆ ಸಭೆಯ ಕ್ರೈಸ್ತರನ್ನು ಮದುವೆಯಾಗಲು ಧರ್ಮಪ್ರಾಂತ್ಯದ, ಅಂದರೆ ಧರ್ಮಾಧ್ಯಕ್ಷರ (ಬಿಷಪ್) ಆಡಳಿತದ, ಅನುಮತಿ ಬೇಕು. ಅರ್ಜಿಯನ್ನು ಗುರುಗಳ ಮೂಲಕವೇ ಕಳಿಸಲಾಗುತ್ತದೆ. ಸಿ.ಎಸ್.ಐ. ಸಭೆಯಲ್ಲಿ ದೀಕ್ಷಾಸ್ನಾನವೆಂದು ಕರೆಯುವ ಇದೇ ಸಂಸ್ಕಾರ ನೀರಿನಿಂದಲೂ ತ್ರಿತ್ವದ (ತಂದೆ, ಮಗ, ಪವಿತ್ರಾತ್ಮರ) ಹೆಸರಿನಲ್ಲಿಯೂ ನಡೆಯುವುದರಿಂದ ಕಥೋಲಿಕರು ಅದನ್ನು ಒಪ್ಪುತ್ತಾರೆ, ಮರಳಿ ಸ್ನಾನ ಕೊಡುವುದಿಲ್ಲ. ಸಿ.ಎಸ್.ಐ. ಸಭಾಪಾಲಕರಿಂದ (ಪಾಸ್ಟರ್) ದೀಕ್ಷಾಸ್ನಾನದ ಪ್ರಮಾಣಪತ್ರ ತಂದರೆ ಸಾಕು. ಪೆಂಟೆಕಾಸ್ಟಲ್ ಮನೆಗಳ ವಿಷಯ ಸ್ವಲ್ಪ ಬೇರೆ. ಅಲ್ಲಿ ಮಗುವನ್ನು ದೇವರಿಗೆ ಸಮರ್ಪಿಸುತ್ತಾರೆ, ದೀಕ್ಷಾಸ್ನಾನವನ್ನು ದೊಡ್ಡವರಾದ ಮೇಲೆ ಕೊಡುತ್ತಾರೆ. ಅದಿನ್ನೂ ಆಗಿಲ್ಲದಿದ್ದರೆ ಕಥೋಲಿಕ ಕಾನೂನಿನಲ್ಲಿ ಆ ಸಂಗಾತಿಯನ್ನು ಸ್ನಾನ ಪಡೆಯದವರೆಂದೇ ಎಣಿಸಲಾಗುತ್ತದೆ, ಆಗ ಅನುಮತಿ ಸಾಲದು, ವಿನಾಯಿತಿ ಬೇಕಾಗುತ್ತದೆ. ಇದನ್ನು ಮುಚ್ಚಿಟ್ಟು ಮದುವೆಯ ಹಿಂದಿನ ವಾರ ಹೇಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಮದುವೆ ಎಲ್ಲಿ ನಡೆಯಬೇಕೆಂಬುದೇ ಬೀಗರ ನಡುವಿನ ಮೊದಲ ಜಗ್ಗಾಟ. ಕಥೋಲಿಕರು ಬೇರೆಡೆ ಮದುವೆಯಾಗಲೇಬಾರದೆಂದೇನಿಲ್ಲ. ತಕ್ಕ ಕಾರಣವಿದ್ದರೆ ಧರ್ಮಾಧ್ಯಕ್ಷರು ಕಥೋಲಿಕ ಗುರುಗಳ ಮುಂದೆಯೇ ನಡೆಯಬೇಕಾದ ಮದುವೆಯ ವಿಧಿಯಿಂದ ವಿನಾಯಿತಿ ಕೊಡಬಹುದು, ಆಗ ಸಿ.ಎಸ್.ಐ. ದೇವಾಲಯದಲ್ಲಿ ಅಯ್ಯನವರ (ಸಭಾಪಾಲಕರ) ಮುಂದೆ ಆದ ಮದುವೆಯೂ ಕಥೋಲಿಕರಿಗೆ ಸಿಂಧುವಾಗುತ್ತದೆ. ವಿನಾಯಿತಿಯಿಲ್ಲದೆ ಅಲ್ಲಿ ಮದುವೆಯಾದರೆ ಸರ್ಕಾರದ ದಾಖಲೆಯಲ್ಲಿ ಅದು ಮದುವೆಯೇ, ಧರ್ಮಸಭೆಯ ದೃಷ್ಟಿಯಲ್ಲಿ ಮಾತ್ರ ಅಲ್ಲ. ಅದನ್ನು ಸರಿಪಡಿಸಿಕೊಳ್ಳುವವರೆಗೆ ಕಥೋಲಿಕ ಸಂಗಾತಿ ಪೂಜೆಯಲ್ಲಿ ಕೊಡುವ ಪರಮಪ್ರಸಾದವನ್ನು (ಕಮ್ಯುನಿಯನ್) ಸ್ವೀಕರಿಸುವಂತಿಲ್ಲ. ಹಾಗೆ ಮದುವೆಯಾಗಿ ವರ್ಷಗಳೇ ಕಳೆದಿದ್ದರೂ ಸರಿಪಡಿಸಿಕೊಳ್ಳುವ ದಾರಿ ಮುಚ್ಚಿರುವುದಿಲ್ಲ, ಗುರುಗಳನ್ನು ಕೇಳಬಹುದು.

ಎರಡೂ ಕಡೆಯವರನ್ನು ಸಮಾಧಾನಪಡಿಸಲು ಬೆಳಿಗ್ಗೆ ಒಂದು ಚರ್ಚಿನಲ್ಲಿ, ಸಂಜೆ ಇನ್ನೊಂದರಲ್ಲಿ ಮದುವೆ ಮಾಡುವ ಉಪಾಯ ನಮ್ಮ ಕಡೆ ಬಹಳ ಜನಪ್ರಿಯ. ಅದಕ್ಕೆ ಅವಕಾಶವಿಲ್ಲ. ಒಪ್ಪಿಗೆಯ ಮಾತು ಒಮ್ಮೆ ಮಾತ್ರ. ಅದನ್ನು ಇನ್ನೊಂದು ವಿಧಿಯಲ್ಲಿ ಮತ್ತೆ ಆಡಿಸುವುದನ್ನೂ, ಗುರುಗಳು ಮತ್ತು ಸಭಾಪಾಲಕರು ಒಟ್ಟಿಗೆ ನಿಂತು ತಮ್ಮ ತಮ್ಮ ವಿಧಿಯಂತೆ ಒಪ್ಪಿಗೆ ಕೇಳುವುದನ್ನೂ ಕಥೋಲಿಕ ಕಾನೂನು ತಡೆಯುತ್ತದೆ. ಆದರೆ ಕಥೋಲಿಕ ಚರ್ಚಿನಲ್ಲಿ ಮದುವೆ ನಡೆಯುವಾಗ ಅಯ್ಯನವರನ್ನು ಕರೆದು, ಅವರಿಂದ ಸತ್ಯವೇದದ ವಾಚನ, ಪ್ರಾರ್ಥನೆ, ಎರಡು ಹಿತವಚನ, ಆಶೀರ್ವಾದ ಮಾಡಿಸಬಹುದು. ನನ್ನ ಅನಿಸಿಕೆಯಲ್ಲಿ ಈ ಅವಕಾಶವನ್ನು ಬಳಸಿಕೊಳ್ಳದಿರುವುದೇ ಅನೇಕ ಮನೆಗಳ ಮುನಿಸಿಗೆ ಕಾರಣ. ಶಿಲುಬೆಯ ಪದಕವಿರುವ ತಾಳಿಯನ್ನು ಗುರುಗಳು ಮಂತ್ರಿಸಿಕೊಟ್ಟ ಮೇಲೆ, ವರನ ಕಡೆಯ ಅಯ್ಯನವರು ದಂಪತಿಗಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರೆ, ಮುಂದಿನ ಸಾಲಿನಲ್ಲಿ ಕುಳಿತ ಅತ್ತೆಮಾವಂದಿರ ಮುಖದ ಬಿಗುಪು ಅರ್ಧ ಸಡಿಲವಾಗುತ್ತದೆ. ಇಂಥ ಮದುವೆಯನ್ನು ಸಾಮಾನ್ಯವಾಗಿ ಬಲಿಪೂಜೆಯಿಲ್ಲದೆ (ಮಾಸ್), ಸತ್ಯವೇದದ ವಾಚನ, ಪ್ರಾರ್ಥನೆಗಳಿರುವ ವಾಕ್ಯವಿಧಿಯೊಂದಿಗೆ ನಡೆಸುವುದೇ ಮೇಲು, ಏಕೆಂದರೆ ಬಲಿಪೂಜೆಯಿದ್ದರೆ ಅತಿಥಿಗಳಲ್ಲಿ ಅರ್ಧದಷ್ಟು ಜನ ಪರಮಪ್ರಸಾದದ ಹೊತ್ತಿಗೆ ಸುಮ್ಮನೆ ಕುಳಿತಿರಬೇಕಾಗುತ್ತದೆ.

ಅನುಮತಿಗೆ ಮೊದಲು ಕಥೋಲಿಕ ಸಂಗಾತಿ ಒಂದು ಮಾತು ಕೊಡಬೇಕು: ತನ್ನ ವಿಶ್ವಾಸವನ್ನು ಬಿಡುವುದಿಲ್ಲ, ಮಕ್ಕಳಿಗೆ ಕಥೋಲಿಕ ಧರ್ಮಸಭೆಯಲ್ಲಿ ಜ್ಞಾನಸ್ನಾನ ಕೊಡಿಸಿ ಬೆಳೆಸಲು ತನ್ನಿಂದಾದುದೆಲ್ಲವನ್ನೂ ಮಾಡುತ್ತೇನೆ ಎಂದು. ಇನ್ನೊಬ್ಬರು ಯಾವ ಮಾತನ್ನೂ ಕೊಡಬೇಕಾಗಿಲ್ಲ, ಅವರಿಗೆ ಈ ವಿಷಯ ತಿಳಿದಿದ್ದರೆ ಸಾಕು. ಹಿಂದೆ 1917ರ ಸಂಹಿತೆಯ ಕಾಲದಲ್ಲಿ ಇಬ್ಬರಿಂದಲೂ ಮುಚ್ಚಳಿಕೆ ಬರೆಸಿಕೊಳ್ಳುತ್ತಿದ್ದರು. 1970ರಲ್ಲಿ ಆರನೆಯ ಪೌಲ್ ಪೋಪರು ಅದನ್ನು ಬದಲಾಯಿಸಿದರು. ಹಿರಿಯರಲ್ಲಿ ಹಲವರಿಗೆ ಹಳೆಯ ನಿಯಮವೇ ನೆನಪಿರುವುದರಿಂದ ‘ನಮ್ಮ ಹುಡುಗನ ಕೈಯಲ್ಲಿ ರುಜು ಹಾಕಿಸಿಕೊಂಡು ಕಸಿದುಕೊಳ್ಳುತ್ತಾರೆ’ ಎಂಬ ದೂರು ಇಂದಿಗೂ ಕೇಳುತ್ತದೆ. ‘ತನ್ನಿಂದಾದುದೆಲ್ಲವನ್ನೂ’ ಎಂದರೆ ಸಂಗಾತಿಯ ಮನಸ್ಸಾಕ್ಷಿಯನ್ನು ಮೆಟ್ಟಿಯಾದರೂ ಎಂದಲ್ಲ. ಸಿ.ಎಸ್.ಐ. ಸಂಗಾತಿಗೂ ತನ್ನ ಸಭೆಯ ಬಗ್ಗೆ ಅಷ್ಟೇ ಹೊಣೆಯಿರಬಹುದು, ಆದ್ದರಿಂದ ಮಕ್ಕಳ ವಿಷಯವನ್ನು ‘ಆಗ ನೋಡಿಕೊಳ್ಳೋಣ’ ಎಂದು ತಳ್ಳುವುದು ಅಪಾಯ. ಅದನ್ನು ನಿಶ್ಚಿತಾರ್ಥಕ್ಕೆ ಮೊದಲೇ, ತಂದೆತಾಯಿಯರಿಲ್ಲದೆ ಇಬ್ಬರೇ ಕುಳಿತು ಮಾತಾಡಿ ಮುಗಿಸಬೇಕು. ಮಗುವಿಗೆ ಕಥೋಲಿಕ ಜ್ಞಾನಸ್ನಾನವಾದಾಗ ಕಥೋಲಿಕ ಜ್ಞಾನತಂದೆ ಅಥವಾ ಜ್ಞಾನತಾಯಿಯ (ಗಾಡ್‌ಫಾದರ್, ಗಾಡ್‌ಮದರ್) ಪಕ್ಕದಲ್ಲಿ ಸಿ.ಎಸ್.ಐ. ಕಡೆಯ ಚಿಕ್ಕಪ್ಪನೋ ಅತ್ತೆಯೋ ಸಾಕ್ಷಿಯಾಗಿ ನಿಲ್ಲಬಹುದೆಂಬುದನ್ನು ಆಗಲೇ ತಿಳಿಸಿಟ್ಟರೆ ಆ ಮನೆಯವರಿಗೂ ಒಂದು ಪಾಲು ಸಿಕ್ಕಂತಾಗುತ್ತದೆ.

ಮದುವೆಯ ನಂತರದ ದೊಡ್ಡ ಪ್ರಶ್ನೆ ಭಾನುವಾರ. ಒಂದು ವಾರ ಇಲ್ಲಿ, ಒಂದು ವಾರ ಅಲ್ಲಿ ಎಂಬ ಸರದಿ ಕೇಳಲು ನ್ಯಾಯವಾಗಿ ಕಂಡರೂ ಹೆಚ್ಚು ಕಾಲ ಬಾಳುವುದಿಲ್ಲ. ಕಥೋಲಿಕರಿಗೆ ಪ್ರತಿ ಭಾನುವಾರದ ಪೂಜೆ ಕರ್ತವ್ಯ, ಇನ್ನೊಬ್ಬರಿಗೆ ತಿಂಗಳಿಗೆರಡು ಸಲ ಮುಖ ತೋರಿಸಿದರೆ ಸಭೆಯ ನಂಟು ಸಡಿಲವಾಗುತ್ತದೆ. ಕೊನೆಗೆ ಇಬ್ಬರೂ ಎಲ್ಲಿಗೂ ಹೋಗದೆ ಮನೆಯಲ್ಲೇ ಉಳಿಯುವುದು ನಡೆಯುತ್ತದೆ, ಜಗಳಕ್ಕಿಂತ ಅದೇ ಹೆಚ್ಚಿನ ಅಪಾಯವೆಂದು ನನಗೆ ತೋರುತ್ತದೆ. ಕಥೋಲಿಕರಿಗೆ ಶನಿವಾರ ಸಂಜೆಯ ಪೂಜೆಯೂ ಭಾನುವಾರದ್ದಾಗಿ ಸಲ್ಲುತ್ತದೆ. ಅದು ನಡೆಯುವ ಚರ್ಚು ಹತ್ತಿರವಿದ್ದರೆ ಶನಿವಾರ ಸಂಜೆ ಇಬ್ಬರೂ ಪೂಜೆಗೆ, ಭಾನುವಾರ ಬೆಳಿಗ್ಗೆ ಇಬ್ಬರೂ ಆರಾಧನೆಗೆ ಹೋಗಬಹುದು. ಗುರುಗಳು ಬರುವುದೇ ಅಪರೂಪವಾಗಿರುವ ಮಂಡ್ಯದ ಕಡೆಯ ಹಳ್ಳಿಗಳಲ್ಲಿ ಈ ಏರ್ಪಾಟು ನಡೆಯದು. ಅಲ್ಲಿ ಬೆಳಿಗ್ಗೆ ಬೇರೆ ಬೇರೆಯಾಗಿ ಹೋಗಿ, ಮಧ್ಯಾಹ್ನದ ಊಟವನ್ನು ಒಟ್ಟಿಗೆ ಮಾಡುವುದೇ ಸರಿ.

ಪರಮಪ್ರಸಾದದ ಹೊತ್ತು ಕಷ್ಟದ್ದು. ಹೆಂಡತಿ ಎದ್ದು ಸಾಲಿನಲ್ಲಿ ಮುಂದೆ ಹೋಗುತ್ತಾಳೆ, ಗಂಡ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನಲ್ಲೇ ಉಳಿಯುತ್ತಾನೆ, ದಾಟಿ ಹೋಗುವವರಿಗೆ ದಾರಿ ಬಿಡಲು ಮೊಣಕಾಲು ಸರಿಸುತ್ತಾನೆ. ಮರಣಾಪಾಯ ಅಥವಾ ಧರ್ಮಾಧ್ಯಕ್ಷರು ಒಪ್ಪುವ ತೀವ್ರ ಅಗತ್ಯದ ಹೊರತು ಸಿ.ಎಸ್.ಐ. ಸಂಗಾತಿಗೆ ಪರಮಪ್ರಸಾದ ಕೊಡುವಂತಿಲ್ಲ. ಇನ್ನೊಂದು ಕಡೆ, ಸಿ.ಎಸ್.ಐ. ಸಭೆಯವರು ಕರ್ತನ ಭೋಜನಕ್ಕೆ (ಅವರ ಕಮ್ಯುನಿಯನ್) ಆದರದಿಂದ ಕರೆದರೂ ಕಥೋಲಿಕರು ಅದನ್ನು ತೆಗೆದುಕೊಳ್ಳಲು ತಮ್ಮ ನಿಯಮ ಬಿಡುವುದಿಲ್ಲ. ‘ಯಾರಿಗೆ ಗೊತ್ತಾಗುತ್ತದೆ’ ಎಂದು ಸಾಲಿಗೆ ಸೇರಿಸುವ ನೆಂಟರ ಮಾತು ಕೇಳಬೇಡಿ. ಕೆಲವು ಗುರುಗಳು ಎದೆಯ ಮೇಲೆ ಕೈ ಕಟ್ಟಿ ಬಂದವರಿಗೆ ಆಶೀರ್ವಾದ ಕೊಡುತ್ತಾರೆ. ನಿಮ್ಮ ಚರ್ಚಿನಲ್ಲಿ ಆ ರೂಢಿಯಿದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಮನೆಯ ಪ್ರಾರ್ಥನೆಯಲ್ಲಿ ತೊಡಕು ಕಡಿಮೆ. ಕರ್ತನ ಪ್ರಾರ್ಥನೆ, ಕೀರ್ತನೆಗಳು, ಸುವಾರ್ತೆಯ ಒಂದು ಭಾಗ ಇಬ್ಬರಿಗೂ ಸ್ವಂತವೇ. ಕರ್ತನ ಪ್ರಾರ್ಥನೆಯ ಕೊನೆಯ ‘ರಾಜ್ಯವೂ ಬಲವೂ ಮಹಿಮೆಯೂ’ ಎಂಬ ಸಾಲನ್ನು ಒಬ್ಬರು ಹೇಳುವಾಗ ಇನ್ನೊಬ್ಬರು ನಿಲ್ಲಿಸಿಬಿಟ್ಟರೆ ಮಕ್ಕಳು ನಗುತ್ತಾರೆ, ಅಷ್ಟೆ. ಜಪಮಾಲೆ, ಸಂತರ ಪಟಗಳು, ಜೂನ್ 13ಕ್ಕೆ ಡೋರ್ನಹಳ್ಳಿಯ ಸಂತ ಅಂತೋಣಿಯವರ ಹಬ್ಬ ಇವುಗಳಲ್ಲಿ ಮಾತ್ರ ಸೂಕ್ಷ್ಮತೆ ಬೇಕು. ಕಥೋಲಿಕ ಸೊಸೆ ತನ್ನ ಕೋಣೆಯಲ್ಲಿ ಜಪಮಾಲೆ ಹೇಳಿಕೊಳ್ಳುವುದನ್ನು ಅತ್ತೆ ವಿಗ್ರಹಾರಾಧನೆ ಎನ್ನಬಾರದು. ಸೊಸೆಯೂ ಅತ್ತೆಯನ್ನು ಅದಕ್ಕೆ ಕೂರಲು ಒತ್ತಾಯಿಸಬಾರದು. ಗಂಡನಾದವನು ಇಂಥಲ್ಲಿ ತಾಯಿಯ ಹತ್ತಿರ ತಾನೇ ಮಾತಾಡಬೇಕು, ಹೆಂಡತಿಯನ್ನು ಮುಂದೆ ಬಿಡಬಾರದು.

ಕಡೆಯದಾಗಿ ಕಾಗದಪತ್ರಗಳು. ವಿನಾಯಿತಿ ಪಡೆದು ಸಿ.ಎಸ್.ಐ. ದೇವಾಲಯದಲ್ಲಿ ಮದುವೆಯಾಗಿದ್ದರೆ ಅದರ ವಿವರ ಕಥೋಲಿಕ ಸಂಗಾತಿಯ ಜ್ಞಾನಸ್ನಾನದ ದಾಖಲೆಯಲ್ಲಿ ಸೇರಿದೆಯೇ ಎಂದು ಖುದ್ದಾಗಿ ವಿಚಾರಿಸಿ, ಮದುವೆಯ ಪ್ರಮಾಣಪತ್ರದ ಪ್ರತಿಯನ್ನು ಇಬ್ಬರ ಚರ್ಚಿನ ಕಚೇರಿಗೂ ಕೊಡಿ. ಸಿ.ಎಸ್.ಐ. ಸಂಗಾತಿ ತನ್ನ ಸಭೆಯ ಚಂದಾವನ್ನು ಮದುವೆಯ ನೆಪದಲ್ಲಿ ನಿಲ್ಲಿಸಬಾರದು. ಸದಸ್ಯತ್ವ ತಪ್ಪಿಹೋದರೆ ಮುಂದೆ ದೀಕ್ಷಾಸ್ನಾನದ ಪತ್ರಕ್ಕೋ, ಸಭೆಯ ಸ್ಮಶಾನದಲ್ಲಿ ಜಾಗಕ್ಕೋ ಅಲೆದಾಡಬೇಕಾದೀತು.