ಐಕ್ಯೂಗ್ಯಾಪ್-1 ಇಟ್ಟುಕೊಂಡು ಸ್ಕ್ರ್ಯಾಚ್ ಅಸ್ಸೇ ಮಾಡುವುದು ಹೇಗೆ?

ಪ್ಲೇಟಿನ ತಳದಲ್ಲಿ ಒತ್ತೊತ್ತಾಗಿ ಬೆಳೆದ ಕೋಶಗಳ ನಡುವೆ ಒಂದು ಗೀರು ಎಳೆಯುತ್ತೇವೆ. ಅದು ಎಷ್ಟು ಬೇಗ ಮುಚ್ಚುತ್ತದೆ ಅಂತ ನೋಡುತ್ತೇವೆ. ಸ್ಕ್ರ್ಯಾಚ್ ಅಸ್ಸೇ ಅಂದರೆ ಇಷ್ಟೇ. ನಮ್ಮ ಲ್ಯಾಬಿಗೆ ಹೊಸಬರು ಬಂದಾಗ ನಾನು ಮೊದಲು ಕಲಿಸುವುದು ಇದನ್ನೇ. ಖರ್ಚು ಕಡಿಮೆ, ಕೈ ಪಳಗುತ್ತದೆ. ಆದರೆ ಗೀರು ಮುಚ್ಚಿದ ವೇಗವೊಂದನ್ನೇ ಹಿಡಿದುಕೊಂಡು ಐಕ್ಯೂಗ್ಯಾಪ್-1ರಂಥ ಸ್ಕ್ಯಾಫೋಲ್ಡ್ (ಬೇರೆಯವನ್ನು ಹಿಡಿದಿಡುವ ಚೌಕಟ್ಟು) ಪ್ರೋಟೀನಿನ ಬಗ್ಗೆ ಮಾತಾಡಿದರೆ ನಾನು ಒಪ್ಪುವುದಿಲ್ಲ.

ಐಕ್ಯೂಗ್ಯಾಪ್-1 ಸುಮಾರು 190 ಕಿಲೋಡಾಲ್ಟನ್‌ನ ದೊಡ್ಡ ಪ್ರೋಟೀನ್. ಅದು ಕಿಣ್ವವಲ್ಲ. ಬೇರೆ ಪ್ರೋಟೀನುಗಳನ್ನು ಒಂದೆಡೆ ಹಿಡಿದಿಡುವುದೇ ಅದರ ಕೆಲಸ. ಬಿ-ರಾಫ್, ಮೆಕ್, ಅರ್ಕ್ (ERK) ಎಂಬ ಕೈನೇಸ್‌ಗಳು, ಅಂದರೆ ಫಾಸ್ಫೇಟ್ ಅಂಟಿಸುವ ಕಿಣ್ವಗಳು, ಸಾಲಾಗಿ ಸಿಗ್ನಲ್ ದಾಟಿಸುತ್ತವೆ. ಆ ಮೂರಕ್ಕೂ ಇದರ ಮೇಲೆ ಜಾಗವಿದೆ. ಆಕ್ಟಿನ್‌ಗೂ, ಚಾಲೂ ಇರುವ ರಾಕ್-1 (Rac1) ಮತ್ತು ಸಿಡಿಸಿ-42 ಎಂಬ ಸ್ವಿಚ್ ಪ್ರೋಟೀನುಗಳಿಗೂ ಇದೆ. ಕೋಶದ ಮುಂದಂಚು ಹಾಳೆಯಂತೆ ಚಾಚುವುದು ರಾಕ್‌ನಿಂದ, ಬೆರಳಿನಂಥ ಚಾಚುಗಳು ಸಿಡಿಸಿ-42ರಿಂದ. 1990ರ ದಶಕದಲ್ಲಿ ಕೋಶ ವಿಜ್ಞಾನಿ ಅಲನ್ ಹಾಲ್ ಮತ್ತು ಸಂಗಡಿಗರು ಇದನ್ನು ತೋರಿಸಿದರು.

ಈಗ ಕೆಲಸ ಶುರು. ಎಂಡಿಎ-ಎಂಬಿ-231 ಎಂಬ ಸ್ತನ ಕ್ಯಾನ್ಸರ್ ಕೋಶಗಳು ಚುರುಕಾಗಿ ಹರಿದಾಡುತ್ತವೆ, ಅವನ್ನೇ ತೆಗೆದುಕೊಳ್ಳಿ. ಐಕ್ಯೂಗ್ಯಾಪ್-1ನ್ನು ಇಳಿಸಲು ಎರಡು ಬೇರೆ ಬೇರೆ ಎಸ್‌ಐಆರ್‌ಎನ್‌ಎ (ಜೀನಿನ ಬಾಯಿ ಮುಚ್ಚಿಸುವ ಚಿಕ್ಕ ಆರ್‌ಎನ್‌ಎ) ಬೇಕು, ಒಂದು ಸಾಲದು. ಯಾವ ಜೀನನ್ನೂ ಮುಟ್ಟದ ಕಂಟ್ರೋಲ್ ಪಕ್ಕದಲ್ಲೇ ಇರಲಿ. 48 ಗಂಟೆ ಬಿಟ್ಟು, ಪ್ರೋಟೀನ್ ನಿಜಕ್ಕೂ ಇಳಿದಿದೆಯಾ ಅಂತ ಬ್ಲಾಟ್‌ನಲ್ಲಿ (ಆಂಟಿಬಾಡಿಯಿಂದ ಪ್ರೋಟೀನ್ ಪತ್ತೆ ಮಾಡುವ ಪರೀಕ್ಷೆ) ನೋಡಿ. ಗೀರು ಎಳೆಯುವ ಮೊದಲು ಪ್ಲೇಟಿನ ತಳಕ್ಕೆ ಮಾರ್ಕರ್‌ನಿಂದ ಗುರುತು ಹಾಕಿ. ಪ್ರತಿ ಸಲವೂ ಅದೇ ಜಾಗದ ಫೋಟೋ ಸಿಗಬೇಕಲ್ವಾ? 200 ಮೈಕ್ರೋಲೀಟರ್ ಪಿಪೆಟ್ ಟಿಪ್ ನೆಟ್ಟಗೆ ಹಿಡಿದು ಒಂದೇ ಎಳೆತ. ಎರಡು ಸಲ ಪಿಬಿಎಸ್ ಎಂಬ ಉಪ್ಪಿನ ದ್ರಾವಣದಲ್ಲಿ ತೊಳೆದು, ಸೀರಮ್ ಕಡಿಮೆ ಇರುವ ಮೀಡಿಯಂ ಹಾಕಿ. ಸೀರಮ್ ಜಾಸ್ತಿಯಾದರೆ ಕೋಶಗಳು ಹುಟ್ಟಿ ಗೀರು ತುಂಬುತ್ತವೆ, ನಡೆದು ಅಲ್ಲ. 0, 8, 16, 24 ಗಂಟೆಗೆ ಫೋಟೋ. ಇಮೇಜ್-ಜೆ ಎಂಬ ಸಾಫ್ಟ್‌ವೇರ್‌ನಲ್ಲಿ ಖಾಲಿ ಜಾಗ ಅಳೆದು, ಮೊದಲಿದ್ದುದರಲ್ಲಿ ಶೇಕಡಾ ಎಷ್ಟು ಮುಚ್ಚಿದೆ ಅಂತ ಲೆಕ್ಕ ಹಾಕಿ.

ಇಳಿಸಿದ ಮೇಲೆ ಏರಿಸಿಯೂ ನೋಡಬೇಕು. ಇಲ್ಲೇ ಮಜಾ ಇರುವುದು. ಸಂಶೋಧಕ ಡೇವಿಡ್ ಸ್ಯಾಕ್ಸ್ ಅವರ ಗುಂಪು 2003ರಲ್ಲಿ, ಈ ಪ್ರೋಟೀನ್ ಹೆಚ್ಚಿಸಿದರೆ ಕೋಶದ ಓಡಾಟ ಹೆಚ್ಚುತ್ತದೆ, ಅದಕ್ಕೆ ರಾಕ್-1 ಮತ್ತು ಸಿಡಿಸಿ-42 ಬೇಕು ಎಂದು ತೋರಿಸಿತು. 2004ರಲ್ಲಿ ಅದೇ ಗುಂಪಿಗೆ ಕಂಡದ್ದು ಬೇರೆ: ಐಕ್ಯೂಗ್ಯಾಪ್-1 ಇಳಿಸಿದರೂ ಏರಿಸಿದರೂ ಇಜಿಎಫ್ (ಕೋಶಕ್ಕೆ ಬೆಳೆಯಲು ಹೇಳುವ ಪ್ರೋಟೀನ್) ಕೊಟ್ಟಾಗ ಅರ್ಕ್ ಚಾಲೂ ಆಗುವುದು ಕಡಿಮೆಯಾಯಿತು. ಸ್ಕ್ಯಾಫೋಲ್ಡ್ ಅತಿಯಾದರೆ ಒಂದು ಬಸ್ಸಿಗೆ ಡ್ರೈವರ್, ಇನ್ನೊಂದಕ್ಕೆ ಕಂಡಕ್ಟರ್ ಸಿಕ್ಕಿ ಎರಡೂ ಡಿಪೋದಲ್ಲೇ ನಿಂತ ಹಾಗೆ. ಮೆಕ್ ಒಂದರ ಮೇಲೆ, ಅರ್ಕ್ ಮತ್ತೊಂದರ ಮೇಲೆ ಕೂತುಬಿಡುತ್ತವೆ.

ಅಂದರೆ ಓಡಾಟ ಹೆಚ್ಚಿದ್ದನ್ನು ನೋಡಿ ಅರ್ಕ್ ಕೂಡ ಹೆಚ್ಚಿರಬೇಕು ಅನ್ನುವಂತಿಲ್ಲ. ಎರಡನ್ನೂ ಬೇರೆಯಾಗಿ ಅಳೆಯಿರಿ. ಫಾಸ್ಫೋ-ಅರ್ಕ್‌ಗೆ, ಅಂದರೆ ಚಾಲೂ ಆದ ಅರ್ಕ್‌ಗೆ, ಬ್ಲಾಟ್ ಸಾಕು. ಚಾಲೂ ರಾಕ್‌ಗೆ ಪುಲ್‌ಡೌನ್ (ಅದನ್ನಷ್ಟೇ ಹಿಡಿದು ಹೊರತೆಗೆಯುವ ವಿಧಾನ) ಬೇಕು, ಎಲ್ಲ ಐಸ್ ಮೇಲೆ, ಬೇಗ ಬೇಗ. ತಡವಾದರೆ ರಾಕ್‌ನ್ನು ಚಾಲೂ ಇಟ್ಟಿರುವ ಜಿಟಿಪಿ ಒಡೆದು ಸಿಗ್ನಲ್ ಹೋಗುತ್ತದೆ. ಮೆಕ್ ತಡೆಯಲು ಯು-0126, 10 ಮೈಕ್ರೋಮೋಲಾರ್. ಕಂಟ್ರೋಲ್‌ಗೆ ಅಷ್ಟೇ ಡಿಎಂಎಸ್‌ಒ (ಔಷಧ ಕರಗಿಸಿದ ದ್ರವ). ಐಕ್ಯೂಗ್ಯಾಪ್-1 ಇಳಿಸಿದ ಕೋಶಗಳಲ್ಲಿ ಈ ಔಷಧ ಇನ್ನಷ್ಟು ನಿಧಾನ ಮಾಡದಿದ್ದರೆ ಎರಡೂ ಒಂದೇ ದಾರಿಯಲ್ಲಿವೆ ಎಂಬ ಅನುಮಾನ ಬಲವಾಗುತ್ತದೆ. ಸಾಬೀತಾಗುವುದಿಲ್ಲ.

ಇನ್ನೊಂದು ಮಾತು. ಪ್ಲೇಟಿನ ಒಂದು ವೆಲ್‌ಗೆ (ಗುಳಿಗೆ) ಒಂದೇ ಗೀರು ಎಳೆದು ಬ್ಲಾಟ್ ಮಾಡಿದರೆ ಅಂಚಿನ ಕೋಶಗಳ ಬದಲಾವಣೆ ಕಾಣುವುದೇ ಇಲ್ಲ, ಒಳಗಿನ ಸುಮ್ನೆ ನಿಂತ ಕೋಶಗಳೇ ಜಾಸ್ತಿ. ಬ್ಲಾಟಿಗೆಂದೇ ಒಂದು ಪ್ಲೇಟ್ ಬೇರೆ ಇಡಿ. ಅದರ ಮೇಲೆ ಅಡ್ಡ, ಉದ್ದ, ತುಂಬ ಗೀರು ಎಳೆಯಿರಿ.